ಪ್ರತಿ ಇದೆ, ಆದರೆ ಬ್ಯಾಕಪ್ ಇದೆಯಾ? ಕ್ಲಸ್ಟರ್ ಸ್ಟೋರೇಜ್ ಮೇಲಿನ ವಿಎಂಗಳ ಕಥೆ

ಹೋದ ವಾರದ ವಿಡಿಯೋದ ಬರಹ ರೂಪ ಇದು. ಮುಂಬ್ರಾ ದಾಟುವಾಗ ವಿಡಿಯೋ ನಿಂತುಹೋಗುತ್ತೆ, ಬರೆದು ಹಾಕಿ ಅಂತ ಕಲ್ಯಾಣ-ಡೊಂಬಿವಲಿ ಕಡೆಯವರು ಬಹಳ ಜನ ಕೇಳಿದ್ದರು. ಹಾಗಾಗಿ ಮಾತಿನ ಧಾಟಿಯನ್ನ ಹೆಚ್ಚು ತಿದ್ದದೆ ಇಲ್ಲಿ ಇಟ್ಟಿದ್ದೇನೆ.

2021ರ ಫೆಬ್ರವರಿ 24, ಬುಧವಾರ. ಬೆಳಗ್ಗೆ 11:40ರ ಹೊತ್ತಿಗೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ. ಅವತ್ತು ಮಾರುಕಟ್ಟೆ ಸಂಜೆ 5ರವರೆಗೆ ನಡೆಯಿತು. ಬಹಳ ಜನಕ್ಕೆ ಅದು ಷೇರು ಸುದ್ದಿ. ಆದರೆ ಎನ್‌ಎಸ್‌ಇ ಮುಂದಿನ ತಿಂಗಳು ಕೊಟ್ಟ ವಿವರಣೆ ಓದಿದರೆ ಅದು ಪೂರ್ತಿ ಸ್ಟೋರೇಜ್ ಕಥೆ. ಒಂದು ಮುಖ್ಯ ಡೇಟಾ ಸೆಂಟರ್, ಹತ್ತಿರದಲ್ಲೇ ಎರಡನೇ ತಾಣ, ಚೆನ್ನೈಯಲ್ಲಿ ಮೂರನೆಯದು. ಮೊದಲೆರಡರ ನಡುವಿನ ಟೆಲಿಕಾಂ ಲಿಂಕ್‌ಗಳು ಅಲುಗಾಡಿದವು. ಎರಡು ಬೇರೆ ಬೇರೆ ಕಂಪನಿಗಳ ಲಿಂಕ್ ಇದ್ದರೂ ದಾರಿಯಲ್ಲಿ ರಸ್ತೆ ಅಗೆಯುವ ಕೆಲಸ ನಡೀತಿತ್ತು. ಲಿಂಕ್ ಹೋದರೂ ಮುಖ್ಯ ತಾಣ ತನ್ನ ಪಾಡಿಗೆ ತಾನು ನಡೆಯಬೇಕಿತ್ತು. ನಡೆಯಲಿಲ್ಲ. ಮುಖ್ಯ ಸ್ಯಾನ್, ಅಂದ್ರೆ ಎಲ್ಲ ಸರ್ವರ್‌ಗಳೂ ಹಂಚಿಕೊಂಡು ಬಳಸುವ ಡಿಸ್ಕ್ ವ್ಯವಸ್ಥೆ, ತನ್ನ ಸರ್ವರ್‌ಗಳಿಗೇ ಸಿಗದಂತಾಯಿತು. ರಿಸ್ಕ್ ಮ್ಯಾನೇಜ್‌ಮೆಂಟ್, ಕ್ಲಿಯರಿಂಗ್ ಎಲ್ಲ ಕೂತುಬಿಟ್ಟವು. ಎರಡನೇ ಪ್ರತಿ ಇಡೋದಕ್ಕೆ ಮಾಡಿದ ಏರ್ಪಾಡೇ ಮೊದಲನೇ ಪ್ರತಿಯನ್ನ ಕೈಗೆ ಸಿಗದ ಹಾಗೆ ಮಾಡಿತು.

ಐರೋಲಿ, ರಬಾಳೆ, ಮಹಾಪೆ ಕಡೆ ಡೇಟಾ ಸೆಂಟರ್‌ಗಳಲ್ಲಿ ಕೆಲಸ ಮಾಡುವ ನಮಗೆ ಈ ಪ್ರಶ್ನೆ ದಿನಾ ಬರುತ್ತೆ. ಡೇಟಾ ಎರಡು ಕಡೆ ಇದೆ, ಮೂರು ಕಡೆ ಇದೆ, ಮತ್ತೆ ಬ್ಯಾಕಪ್ ಯಾಕೆ ಅಂತ ಮ್ಯಾನೇಜರ್ ಕೇಳ್ತಾರೆ. ಉತ್ತರ ಗೊತ್ತಾಗಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಕ್ಲಸ್ಟರ್ ಸ್ಟೋರೇಜ್ ಅಂದ್ರೆ ಏನು ಅಂತ ನೋಡೋಣ. ಹಳೇ ಕಾಲದ ಮಂಡಿ ಅಂಗಡಿ ನೆನಪು ಮಾಡಿಕೊಳ್ಳಿ. ಒಂದೇ ದೊಡ್ಡ ಕಿರ್ದಿ ಪುಸ್ತಕ, ಬರೆಯೋ ಗುಮಾಸ್ತರು ಎಂಟು ಜನ. ಯಾವ ಪುಟಕ್ಕೆ ಯಾರು ಕೈ ಹಾಕಬೇಕು ಅನ್ನೋದಕ್ಕೆ ಕಟ್ಟುನಿಟ್ಟಾದ ನಿಯಮ ಇಲ್ಲದಿದ್ದರೆ ಒಬ್ಬರ ಲೆಕ್ಕದ ಮೇಲೆ ಇನ್ನೊಬ್ಬರು ಬರೆದುಬಿಡ್ತಾರೆ. ಆ ನಿಯಮಕ್ಕೆ ನಾವು ಲಾಕ್ ಅಂತೀವಿ. ವಿಎಂವೇರ್‌ನ ವಿಎಂಎಫ್‌ಎಸ್ ಮಾಡೋದು ಇದನ್ನೇ. ಎಂಟು ಹೋಸ್ಟ್‌ಗಳು ಒಂದೇ ಡಿಸ್ಕ್ ನೋಡ್ತಿರುತ್ತವೆ, ಯಾವ ವಿಎಂ ಯಾರ ಕೈಲಿದೆ ಅನ್ನೋದು ಆ ಡಿಸ್ಕ್ ಮೇಲೇ ಬರೆದಿರುತ್ತೆ. ಒಂದು ಹೋಸ್ಟ್ ಸತ್ತರೆ ಇನ್ನೊಂದು ಅದರ ವಿಎಂಗಳನ್ನ ಎತ್ತಿಕೊಂಡು ನಡೆಸುತ್ತೆ. ಚೆನ್ನಾಗಿದೆ. ಈಗ ಈ ಎಂಟೂ ಜನ ಬರೀತಾ ಇರುವಾಗಲೇ ಒಬ್ಬ ಬಂದು ಇಡೀ ಪುಸ್ತಕದ ನಕಲು ತೆಗೆಯಬೇಕು, ಯಾರ ಕೈಯನ್ನೂ ನಿಲ್ಲಿಸಬಾರದು. ಬ್ಯಾಕಪ್‌ನವನ ಪಾಡು ಇದು.

ಇದಕ್ಕೂ ಹಿಂದಿನ ಕಾಲದಲ್ಲಿ ಇಷ್ಟು ಕಷ್ಟ ಇರಲಿಲ್ಲ. ಒಂದು ಸರ್ವರ್, ಅದರೊಳಗೆ ಒಂದು ಬ್ಯಾಕಪ್ ಏಜೆಂಟ್, ರಾತ್ರಿ ಯಾರೂ ಇಲ್ಲದ ಹೊತ್ತಲ್ಲಿ ಟೇಪಿಗೆ ಬರೆಯೋದು. 2000ದಲ್ಲಿ ಬಂದ ಮೊದಲ ಎಲ್‌ಟಿಒ ಟೇಪು 100 ಜಿಬಿ ಹಿಡಿಸ್ತಿತ್ತು, ಅದು ಆಗ ದೊಡ್ಡ ಮಾತು. ಸರ್ವರ್ ಬಹಳ ಹೊತ್ತು ಖಾಲಿ ಕೂತಿರ್ತಿತ್ತು, ಹಾಗಾಗಿ ರಾತ್ರಿ ಅದರ ಸಿಪಿಯು, ಡಿಸ್ಕ್ ಎಲ್ಲ ಬ್ಯಾಕಪ್‌ಗೇ ಸಿಗ್ತಿತ್ತು.

ವರ್ಚುವಲೈಸೇಶನ್ ಆ ಖಾಲಿ ಹೊತ್ತನ್ನೇ ತಿಂದುಹಾಕಿತು. ತಂತ್ರ ಹೊಸದೇನಲ್ಲ. ಐಬಿಎಂ 1972ರಲ್ಲೇ ವಿಎಂ/370 ತಂದಿತ್ತು. ನಮ್ಮ ತಲೆಮಾರಿಗೆ ಅದು ತಲುಪಿದ್ದು 2001ರ ಇಎಸ್‌ಎಕ್ಸ್ ಮೂಲಕ, ಗಟ್ಟಿಯಾಗಿ ಬೇರುಬಿಟ್ಟಿದ್ದು 2006ರ ವಿಐ3 ಮೂಲಕ. ಇಪ್ಪತ್ತು ಸರ್ವರ್‌ಗಳು ಒಂದು ಪೆಟ್ಟಿಗೆಯೊಳಗೆ ಬಂದವು. ಆದರೆ ಹಳೇ ಏಜೆಂಟ್‌ಗಳು ಹಾಗೇ ಉಳಿದವು, ಹಳೇ ಟೈಮ್‌ಟೇಬಲ್ಲೂ ಹಾಗೇ ಉಳಿಯಿತು. ರಾತ್ರಿ 11 ಹೊಡೀತಿದ್ದ ಹಾಗೆ ಇಪ್ಪತ್ತೂ ಏಜೆಂಟ್‌ಗಳು ಒಂದೇ ಡಿಸ್ಕಿನ ಮೇಲೆ ಬೀಳ್ತಿದ್ದವು. ಸಂಜೆ ಆರೂವರೆಯ ಠಾಣೆ ಸ್ಟೇಷನ್ ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆಗ ವಿಎಂವೇರ್ 2006ರಲ್ಲಿ ಕನ್ಸಾಲಿಡೇಟೆಡ್ ಬ್ಯಾಕಪ್, ಅಂದ್ರೆ ವಿಸಿಬಿ, ತಂದಿತು. ಆಲೋಚನೆ ಸರಿಯಾಗಿತ್ತು. ವಿಎಂ ಒಳಗಿಂದ ಓದೋದು ಬೇಡ, ಪಕ್ಕದಲ್ಲೊಂದು ವಿಂಡೋಸ್ ಪ್ರಾಕ್ಸಿ ಸರ್ವರ್ ಇಟ್ಟು ಅದಕ್ಕೆ ಅದೇ ಸ್ಯಾನ್ ಡಿಸ್ಕ್ ತೋರಿಸಿ, ಅದು ನೇರ ಓದಲಿ. ಕಿರ್ದಿಯ ಲೆಕ್ಕದಲ್ಲಿ ಹೇಳೋದಾದರೆ, ಗುಮಾಸ್ತ ಬರೀತಿರುವ ಪುಟದ ಮೇಲೆ ಒಂದು ಬಿಡಿ ಹಾಳೆ ಇಟ್ಟು, ಇನ್ನು ಮುಂದೆ ಇದರ ಮೇಲೆ ಬರಿ ಅಂತಾರೆ. ಕೆಳಗಿನ ಪುಟ ಈಗ ಅಲುಗಾಡೋದಿಲ್ಲ, ನಿಧಾನವಾಗಿ ನಕಲು ತೆಗೀಬಹುದು. ಮುಗಿದ ಮೇಲೆ ಬಿಡಿ ಹಾಳೆಯಲ್ಲಿರೋದನ್ನ ಮೂಲ ಪುಟಕ್ಕೆ ಸೇರಿಸ್ತಾರೆ. ಬಿಡಿ ಹಾಳೆಯೇ ಸ್ನ್ಯಾಪ್‌ಶಾಟ್.

ಅನುಷ್ಠಾನ ಮಾತ್ರ ಭಯ ಹುಟ್ಟಿಸೋ ಹಾಗಿತ್ತು. ವಿಂಡೋಸ್‌ಗೆ ವಿಎಂಎಫ್‌ಎಸ್ ಅಂದ್ರೆ ಏನೂಂತ ಗೊತ್ತಿಲ್ಲ. ಹೊಸ ಡಿಸ್ಕ್ ಕಂಡರೆ ತಾನೇ ಮೌಂಟ್ ಮಾಡೋಕೆ ಹೋಗುತ್ತೆ, ತನ್ನ ಸಹಿ ಬರೆಯೋಕೆ ನೋಡುತ್ತೆ. ಹಾಗಾಗಿ ಪ್ರಾಕ್ಸಿಯನ್ನ ಸ್ಯಾನ್‌ಗೆ ಜೋಡಿಸೋದಕ್ಕೆ ಮೊದಲೇ ಆಟೋಮೌಂಟ್ ಆರಿಸಿರಬೇಕು ಅಂತ ಕೈಪಿಡಿಯಲ್ಲೇ ಬರೆದಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಅದು ಕೇಳಿದ್ದಕ್ಕೆಲ್ಲ ‘ಓಕೆ’ ಒತ್ತಿದರೆ ಕಂಪನಿಯ ಅರ್ಧ ಸರ್ವರ್‌ಗಳು ಇರುವ ಡಿಸ್ಕ್ ಮೇಲೆ ಗೀಚಿದಂತೆ. ಬ್ಯಾಕಪ್ ತೆಗೆಯಲು ಇಟ್ಟ ಯಂತ್ರದ ಕೈಗೇ ಮೂಲವನ್ನ ಅಳಿಸುವ ಅಧಿಕಾರ ಕೊಟ್ಟ ಮೊದಲ ಉದಾಹರಣೆ ಬಹುಶಃ ಇದೇ. ಕೊನೆಯದಂತೂ ಅಲ್ಲ.

2009ರ ವಿಸ್ಫಿಯರ್ 4 ನಿಜವಾದ ತಿರುವು ಕೊಟ್ಟಿತು. ಎರಡು ಸಂಗತಿ ಬಂದವು. ಒಂದು, ಯಾವ ಕಂಪನಿಯ ಬ್ಯಾಕಪ್ ಸಾಫ್ಟ್‌ವೇರಾದರೂ ಬಳಸಬಹುದಾದ ಎಪಿಐ. ಎರಡು, ಚೇಂಜ್ಡ್ ಬ್ಲಾಕ್ ಟ್ರ್ಯಾಕಿಂಗ್, ನಮ್ಮ ಬಾಯಲ್ಲಿ ಸಿಬಿಟಿ. ನಿನ್ನೆಯಿಂದ ಇವತ್ತಿಗೆ ಯಾವ ಯಾವ ಬ್ಲಾಕ್ ಬದಲಾಗಿದೆ ಅಂತ ಹೈಪರ್‌ವೈಸರೇ ಪಟ್ಟಿ ಇಟ್ಟುಕೊಳ್ಳುತ್ತೆ. 500 ಜಿಬಿ ವಿಎಂನಲ್ಲಿ 6 ಜಿಬಿ ಬದಲಾಗಿದ್ದರೆ ಆ 6 ಜಿಬಿ ಮಾತ್ರ ಓದಿದರೆ ಸಾಕು. ರಾತ್ರಿಯೆಲ್ಲ ನಡೀತಿದ್ದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಇವತ್ತು ನಾವು ಬಳಸುವ ಬಹುತೇಕ ಬ್ಯಾಕಪ್ ಸಾಫ್ಟ್‌ವೇರ್‌ಗಳು ಈ ಒಂದು ಪಟ್ಟಿಯ ಮೇಲೆ ನಿಂತಿವೆ.

ಮೈಕ್ರೋಸಾಫ್ಟ್ ಕಡೆ ಕಥೆ ಇನ್ನೂ ಸ್ವಾರಸ್ಯ. ಹೈಪರ್-ವಿ 2008ರಲ್ಲಿ ಬಂತು, ಮರುವರ್ಷ ವಿಂಡೋಸ್ ಸರ್ವರ್ 2008 ಆರ್2 ಜೊತೆ ಕ್ಲಸ್ಟರ್ ಶೇರ್ಡ್ ವಾಲ್ಯೂಮ್, ಸಿಎಸ್‌ವಿ. ಎಲ್ಲ ನೋಡ್‌ಗಳೂ ಒಂದೇ ವಾಲ್ಯೂಮ್ ಬಳಸಬಹುದು. ಆದರೆ ಒಳಗಿರೋದು ಎನ್‌ಟಿಎಫ್‌ಎಸ್, ಅದು ಹುಟ್ಟಿನಿಂದ ಒಬ್ಬನೇ ಯಜಮಾನ ಅಂತ ನಂಬಿದ ಫೈಲ್ ಸಿಸ್ಟಮ್. ಹಾಗಾಗಿ ಬ್ಯಾಕಪ್ ಶುರುವಾದ ಕೂಡಲೇ ಏನಾಗ್ತಿತ್ತು ಅಂದ್ರೆ, ಒಂದು ನೋಡ್ ವಾಲ್ಯೂಮಿನ ಯಜಮಾನಿಕೆ ತಗೊಳ್ಳುತ್ತೆ, ಉಳಿದ ನೋಡ್‌ಗಳು ಡಿಸ್ಕಿಗೆ ನೇರ ಹೋಗೋ ಹಾಗಿಲ್ಲ. ತಮ್ಮ ಓದು-ಬರಹವನ್ನೆಲ್ಲ ನೆಟ್‌ವರ್ಕ್ ಮೇಲೆ ಆ ಯಜಮಾನನ ಮೂಲಕವೇ ಕಳಿಸಬೇಕು. ಇದಕ್ಕೆ ರಿಡೈರೆಕ್ಟೆಡ್ ಐಒ ಅಂತಾರೆ. ಹಾರ್ಡ್‌ವೇರ್ ಸ್ನ್ಯಾಪ್‌ಶಾಟ್ ಇಲ್ಲದಿದ್ದರೆ ಬ್ಯಾಕಪ್ ಮುಗಿಯೋವರೆಗೂ ಇದೇ ಗತಿ. ಒಂದು ವಿಎಂ ಬ್ಯಾಕಪ್ ತೆಗೆಯೋಕೆ ಹೋಗಿ ಅದೇ ವಾಲ್ಯೂಮ್‌ನ ಮೂವತ್ತು ವಿಎಂ ತೆವಳ್ತಿದ್ದವು. ಎರಡು ನೋಡ್‌ಗಳಿಂದ ಏಕಕಾಲಕ್ಕೆ ಅದೇ ವಾಲ್ಯೂಮ್‌ನ ಬ್ಯಾಕಪ್ ತೆಗೆಯೋ ಹಾಗೂ ಇರಲಿಲ್ಲ, ಸರದಿ ಕಾಯಬೇಕು. ಮಾರಾಟದ ಸ್ಲೈಡುಗಳಲ್ಲಿ ಇದೊಂದೂ ಇರಲಿಲ್ಲ ಅನ್ನೋದನ್ನ ಬೇರೆ ಹೇಳಬೇಕಾಗಿಲ್ಲ. 2012ರ ಆವೃತ್ತಿಯಲ್ಲಿ ಸಿಎಸ್‌ವಿಗೇ ಹಂಚಿಕೆಯ ಸ್ನ್ಯಾಪ್‌ಶಾಟ್ ವ್ಯವಸ್ಥೆ ಬಂದು ಇದು ಸರಿಹೋಯಿತು. ಬದಲಾದ ಬ್ಲಾಕ್‌ಗಳ ಪಟ್ಟಿ ಹೈಪರ್-ವಿಗೆ ಸ್ವಂತದ್ದಾಗಿ ಬಂದದ್ದು 2016ರಲ್ಲಿ. ಅಲ್ಲಿಯವರೆಗೆ ಬ್ಯಾಕಪ್ ಕಂಪನಿಗಳು ತಮ್ಮದೇ ಡ್ರೈವರ್ ತೂರಿಸ್ತಿದ್ದವು. ಅದರಿಂದ ಆದ ನೀಲಿ ಪರದೆಗಳನ್ನ ನೆನೆಸೋದು ಬೇಡ.

ಬಿಡಿ ಹಾಳೆಗೆ ವಾಪಸ್ ಬರ್ತೀನಿ. ಹಾಳೆಯನ್ನ ಪುಸ್ತಕಕ್ಕೆ ಸೇರಿಸೋದು ಮರೆತರೆ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಂಪನಿಯಲ್ಲಿ, ಹೆಸರು ಬೇಡ, ಶುಕ್ರವಾರ ರಾತ್ರಿ ಬ್ಯಾಕಪ್ ಸಾಫ್ಟ್‌ವೇರ್ ನಡುವೆಯೇ ಸತ್ತಿತು. ಒಂದು ದೊಡ್ಡ ಡೇಟಾಬೇಸ್ ವಿಎಂನ ಸ್ನ್ಯಾಪ್‌ಶಾಟ್ ಹಾಗೇ ಉಳಿಯಿತು. ರಿಪೋರ್ಟ್‌ನಲ್ಲಿ ಆ ಜಾಬ್ ಹಳದಿ ಬಣ್ಣದಲ್ಲಿತ್ತು, ಕೆಂಪಲ್ಲ, ಹಾಗಾಗಿ ಯಾರೂ ತೆರೆದು ನೋಡಲಿಲ್ಲ. ಮಂಗಳವಾರ ಬೆಳಗ್ಗೆ ಡೇಟಾಸ್ಟೋರ್ ತುಂಬಿತು. ತುಂಬಿದ್ದು ಆ ಒಂದು ವಿಎಂನಿಂದ, ಆದರೆ ಡಿಸ್ಕ್ ಎಲ್ಲರದು, ಹಾಗಾಗಿ ಬರೆಯಲು ಜಾಗ ಬೇಡಿದ ಪಕ್ಕದ ವಿಎಂಗಳೂ ಒಂದೊಂದಾಗಿ ನಿಂತವು. ಸ್ನ್ಯಾಪ್‌ಶಾಟ್ ಅಳಿಸೋಣ ಅಂದ್ರೆ ಅದಕ್ಕೂ ಸ್ವಲ್ಪ ಜಾಗ ಬೇಕು. ಕೊನೆಗೆ ಯಾರೋ ಬಿಟ್ಟುಹೋಗಿದ್ದ ಒಂದು ಟೆಸ್ಟ್ ವಿಎಂಅನ್ನ ಬೇರೆ ಡಿಸ್ಕಿಗೆ ಸರಿಸಿ ಜಾಗ ಮಾಡಿದ್ದು. ಆ ಮಧ್ಯಾಹ್ನ ಕ್ಯಾಂಟೀನಿನ ವಡಾಪಾವ್ ಕೂಡ ಯಾರಿಗೂ ಇಳಿಯಲಿಲ್ಲ.

ಅದಾದರೂ ಕಣ್ಣಿಗೆ ಕಂಡ ತೊಂದರೆ. 2014ರ ಅಕ್ಟೋಬರ್ ಹೊತ್ತಿಗೆ ಬೆಳಕಿಗೆ ಬಂದದ್ದು ಕಾಣದ ಬಗೆಯದು. ಸಿಬಿಟಿ ಚಾಲೂ ಇರುವ ವರ್ಚುವಲ್ ಡಿಸ್ಕ್‌ಅನ್ನ 128 ಜಿಬಿ ಗಡಿ ದಾಟಿ ಹಿಗ್ಗಿಸಿದರೆ, ಬದಲಾದ ಬ್ಲಾಕ್‌ಗಳ ಪಟ್ಟಿ ತಪ್ಪಾಗಿ ಬರ್ತಿತ್ತು. ಇಎಸ್‌ಎಕ್ಸ್‌ಐ 4ರಿಂದ 5ರ ಸಾಲಿನವರೆಗೂ ಈ ದೋಷ ಇತ್ತು. ಅಂದ್ರೆ ಲೆಕ್ಕ ಹಾಕಿ. 100 ಜಿಬಿ ಡಿಸ್ಕನ್ನ 150 ಮಾಡಿದ್ದೀರಿ, ಇದು ಪ್ರತಿ ವಾರ ಯಾರಾದರೂ ಮಾಡೋ ಕೆಲಸ. ಅವತ್ತಿನಿಂದ ಪ್ರತಿ ರಾತ್ರಿ ಬ್ಯಾಕಪ್ ಹಸಿರು. ವರ್ಷಗಟ್ಟಲೆ ಹಸಿರು. ರಿಸ್ಟೋರ್ ಮಾಡಿದ ದಿನ ಗೊತ್ತಾಗುತ್ತೆ, ಒಳಗೆ ಕೆಲವು ಬ್ಲಾಕ್‌ಗಳು ಎಂದಿನದೋ. ಬ್ಯಾಕಪ್ ಸಾಫ್ಟ್‌ವೇರಿನ ತಪ್ಪೂ ಅಲ್ಲ, ಅದು ಕೇಳಿದ್ದನ್ನ ಹೈಪರ್‌ವೈಸರ್ ತಪ್ಪಾಗಿ ಹೇಳಿತು. ಪರಿಹಾರ ಅಂದ್ರೆ ಸಿಬಿಟಿ ಆರಿಸಿ, ಮತ್ತೆ ಹಾಕಿ, ಮೊದಲಿನಿಂದ ಪೂರ್ತಿ ಬ್ಯಾಕಪ್. ಮರುವರ್ಷ 6.0 ಆವೃತ್ತಿಯಲ್ಲಿ ಸಿಬಿಟಿಯದ್ದೇ ಇನ್ನೊಂದು ದೋಷ ಬಂತು. ವರ್ಷಕ್ಕೊಮ್ಮೆ ಎಲ್ಲವನ್ನೂ ಕಣ್ಣುಮುಚ್ಚಿ ಪೂರ್ತಿ ಓದಿಸಬೇಕು ಅಂತ ನಾನು ಈಗಲೂ ಹಠ ಹಿಡಿಯೋದು ಇದಕ್ಕೇ.

ಈಗ ಊರಿನ ಭೂಗೋಳಕ್ಕೆ ಬರೋಣ. 2005ರ ಜುಲೈ 26ನ್ನ ಇಲ್ಲಿ ಹಳಬರು ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ. ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣದ ತಗ್ಗು ಪ್ರದೇಶ ಮುಳುಗಿದವು, ಲೋಕಲ್ ನಿಂತವು. ಆ ಕಾಲದಲ್ಲಿ ಆಫ್‌ಸೈಟ್ ಅಂದ್ರೆ ಟೇಪಿನ ಪೆಟ್ಟಿಗೆಯನ್ನ ವ್ಯಾನಿನಲ್ಲಿ ಊರಿನ ಇನ್ನೊಂದು ಮೂಲೆಗೆ ಕಳಿಸೋದು. ಒಂದೇ ಮಳೆ ಎರಡೂ ಮೂಲೆಯಲ್ಲಿ ಸುರಿದರೆ ಆ ದೂರ ದೂರವೇ ಅಲ್ಲ. ಟೆಂಡರ್‌ಗಳಲ್ಲಿ ‘ಬೇರೆ ಭೂಕಂಪ ವಲಯ’ ಅನ್ನೋ ಸಾಲು ಕಾಣುತ್ತಲ್ಲ, ಮುಂಬೈ ಮೂರನೇ ವಲಯ, ಬೆಂಗಳೂರು ಎರಡನೆಯದು. ನಮ್ಮಲ್ಲಿ ಎಷ್ಟೋ ಜನ ಐರೋಲಿಯಲ್ಲಿ ಕೂತು ಬೆಂಗಳೂರಿನ ಡಿಆರ್ ನೋಡಿಕೊಳ್ಳೋದಕ್ಕೆ ಇಂಥ ಲೆಕ್ಕಾಚಾರವೂ ಒಂದು ಕಾರಣ.

2020ರ ಅಕ್ಟೋಬರ್ 12 ಇನ್ನೊಂದು ಪಾಠ ಇಟ್ಟಿತು. ಬೆಳಗ್ಗೆ 10ರ ಸುಮಾರಿಗೆ ಕಳವಾ-ಪಡಘಾ 400 ಕೆವಿ ವಿದ್ಯುತ್ ಜಾಲದಲ್ಲಿ ಲೈನುಗಳು ಒಂದರ ಹಿಂದೆ ಒಂದು ಟ್ರಿಪ್ ಆಗಿ ಮುಂಬೈ, ಠಾಣೆ, ನವಿ ಮುಂಬೈ ಎಲ್ಲ ಕತ್ತಲು. ಕಳವಾ ನಾವು ದಿನಾ ದಾಟುವ ಸ್ಟೇಷನ್, ಪಡಘಾ ಕಲ್ಯಾಣದಿಂದ ನಾಸಿಕ್ ಕಡೆಗೆ ಹೊರಟರೆ ಸಿಗುವ ಊರು. ಡೇಟಾ ಸೆಂಟರ್‌ಗಳು ಅಂದ್ರೆ ಡೀಸೆಲ್ ಜನರೇಟರ್ ಇಟ್ಟುಕೊಂಡೇ ಹುಟ್ಟಿದವು. ಆದರೆ ಅದು ಕೋವಿಡ್ ಕಾಲ. ಅವನ್ನ ನಡೆಸುವ ಜನ ಡೊಂಬಿವಲಿಯ, ಕಲ್ಯಾಣದ ಮನೆಗಳಲ್ಲಿ, ಇನ್ವರ್ಟರ್ ಇಲ್ಲದ ರೌಟರ್ ಮುಂದೆ ಕೂತಿದ್ದರು. ರಿಸ್ಟೋರ್ ಮಾಡುವ ಮನುಷ್ಯನಿಗೂ ಬ್ಯಾಕಪ್ ಬೇಕು ಅನ್ನೋದು ಯಾವ ಡಿಆರ್ ದಸ್ತಾವೇಜಿನಲ್ಲೂ ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ಕಲ್ಯಾಣದಲ್ಲಿ ಮನೆ ಮಾಡಿದ್ದೀನಿ ಅಂದಾಗ ಊರಲ್ಲಿ ಹಿರಿಯರು ಬಸವಕಲ್ಯಾಣವಾ ಅಂತಲೇ ಕೇಳ್ತಾರೆ. ಆ ಕಲ್ಯಾಣದ ಗಲಭೆಯಲ್ಲಿ ಶರಣರು ಚದುರಿದರು, ವಚನದ ಕಟ್ಟುಗಳನ್ನ ಹೊತ್ತು ಉಳವಿಯ ಕಡೆ ನಡೆದರು ಅನ್ನೋದು ನಂಬಿಕೆ. ನಂತರದ ಶತಮಾನಗಳಲ್ಲಿ ಅವು ಮಠಗಳಲ್ಲಿ, ಮನೆಗಳಲ್ಲಿ ಓಲೆಗರಿಗಳಾಗಿ ಉಳಿದವು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿ ಅವನ್ನ ಹುಡುಕಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಒಂದೇ ಅರಮನೆಯ ಭಂಡಾರದಲ್ಲಿದ್ದಿದ್ದರೆ ಒಂದು ಬೆಂಕಿ ಸಾಕಿತ್ತು. ಹತ್ತಾರು ಕಡೆ ಇದ್ದದ್ದರಿಂದ ಉಳಿಯಿತು. ಆದರೆ ಹತ್ತಾರು ಕಡೆ ಇದ್ದದ್ದರಿಂದಲೇ ಪಾಠಾಂತರಗಳೂ ಹುಟ್ಟಿದವು. ಈ ಪ್ರತಿಯಲ್ಲಿ ಒಂದು ಪದ, ಆ ಪ್ರತಿಯಲ್ಲಿ ಇನ್ನೊಂದು. ಯಾವುದು ಸರಿ? ಸಂಪಾದಕರ ಆಯಸ್ಸು ಅದರಲ್ಲೇ ಕಳೆಯಿತು.

ಇದೇ ತೊಂದರೆಯನ್ನ ಗ್ಲಸ್ಟರ್ ಬಳಸಿದವರು ಸ್ಪ್ಲಿಟ್-ಬ್ರೇನ್ ಅಂತ ಕರೀತಾರೆ. ಗ್ಲಸ್ಟರ್ ಹೆಸರು ಗ್ನೂ ಮತ್ತು ಕ್ಲಸ್ಟರ್ ಸೇರಿ ಆದದ್ದು, ಅದರ ಎಂಜಿನಿಯರಿಂಗ್ ಬಹುಪಾಲು ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರಿಗೆ ಅದನ್ನ ಕೊಂಡಿತು. ದುಬಾರಿ ಸ್ಯಾನ್ ಬೇಡ, ಸಾಮಾನ್ಯ ಸರ್ವರ್‌ಗಳ ಡಿಸ್ಕ್‌ಗಳನ್ನೇ ಇಟ್ಟಿಗೆಯ ಹಾಗೆ ಜೋಡಿಸಿ, ಪ್ರತಿ ಫೈಲ್ ಎರಡು ಮೂರು ಕಡೆ ಇರಲಿ ಅನ್ನೋ ಆಲೋಚನೆ. ಎರಡೇ ಪ್ರತಿ ಇಟ್ಟು, ನಡುವಿನ ಲಿಂಕ್ ಕಡಿದು, ಎರಡೂ ಕಡೆ ಬೇರೆ ಬೇರೆ ಬರಹ ಬಿದ್ದರೆ, ಯಾವ ಪ್ರತಿ ನಿಜ ಅಂತ ಯಂತ್ರ ಹೇಳಲಾರದು. ಮೂರನೇ ಸಾಕ್ಷಿ ಬೇಕು, ಅದಕ್ಕೇ ಆರ್ಬಿಟರ್ ಬಂದದ್ದು. ವಿಎಂ ಡಿಸ್ಕ್‌ಗಳಂಥ ದೈತ್ಯ ಫೈಲ್‌ಗಳನ್ನ ಚೂರು ಮಾಡಿ ಇಡುವ ಶಾರ್ಡಿಂಗ್ 2015ರ 3.7ರಲ್ಲಿ ಬಂತು. ಅದಕ್ಕೆ ಮೊದಲು ಒಂದು ನೋಡ್ ಬಿದ್ದು ಎದ್ದರೆ ಇಡೀ ಫೈಲ್ ಹೋಲಿಸಿ ಸರಿಪಡಿಸಬೇಕಿತ್ತು. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಸಿತು. ಬೆಂಗಳೂರಿನ ಒಂದು ಒಳ್ಳೆ ಕೆಲಸಕ್ಕೆ ಇಷ್ಟು ಸದ್ದಿಲ್ಲದ ಬೀಳ್ಕೊಡುಗೆ ನನಗೆ ಸರಿ ಅನ್ನಿಸಲಿಲ್ಲ.

ಮೂರು ಪ್ರತಿ ಇದ್ದರೂ ‘ಅಳಿಸು’ ಅನ್ನುವ ಆಜ್ಞೆ ಮೂರಕ್ಕೂ ಒಟ್ಟಿಗೇ ಹೋಗುತ್ತೆ. ಮ್ಯಾನೇಜರ್ ಪ್ರಶ್ನೆಗೆ ಉತ್ತರ ಇಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನ ಲಸ್ಟರ್ ಸ್ಟೋರೇಜ್‌ನಿಂದ 77 ಟಿಬಿ, ಸುಮಾರು 3.4 ಕೋಟಿ ಫೈಲ್‌ಗಳು ಹೋದವು. ಅಳಿಸಿದ್ದು ಕಳ್ಳನಲ್ಲ, ಬ್ಯಾಕಪ್ ಸ್ಕ್ರಿಪ್ಟ್. ಹಳೇ ಲಾಗ್ ಅಳಿಸಬೇಕಾದ ಸ್ಕ್ರಿಪ್ಟ್ ಓಡ್ತಿರುವಾಗಲೇ ಅದರ ಹೊಸ ಆವೃತ್ತಿಯನ್ನ ಮೇಲೆ ಬರೆದರು. ಬ್ಯಾಶ್ ನಡುವಿನಿಂದ ಹೊಸದನ್ನ ಓದಿತು, ಒಂದು ವೇರಿಯಬಲ್ ಖಾಲಿ ಇತ್ತು, ಲಾಗ್ ಬದಲು ಸಂಶೋಧಕರ ಫೈಲ್‌ಗಳು ಹೋದವು. 14 ಸಂಶೋಧನಾ ಗುಂಪುಗಳಲ್ಲಿ 4 ಗುಂಪುಗಳದ್ದು ವಾಪಸ್ ಬರಲೇ ಇಲ್ಲ. ಇನ್ನು 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ನ ಬ್ಯಾಟರಿಗೆ ಬೆಂಕಿ ಬಿದ್ದು, ನೌಕರರು ಕಡತ ಇಡ್ತಿದ್ದ ಜಿ-ಡ್ರೈವ್‌ನ 858 ಟಿಬಿ ಸುಟ್ಟುಹೋಯಿತು. ಡೇಟಾ ಬಹಳ ದೊಡ್ಡದು ಅನ್ನೋ ಕಾರಣಕ್ಕೆ ಹೊರಗೆ ಅದರ ಬ್ಯಾಕಪ್ಪೇ ಇರಲಿಲ್ಲ.

ನಮ್ಮಲ್ಲಿ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯಿತು. ಐದು ಸರ್ವರ್, ಸುಮಾರು 1.3 ಟಿಬಿ ಡೇಟಾ ಎನ್‌ಕ್ರಿಪ್ಟ್ ಆಗಿತ್ತು ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ದಿನಗಟ್ಟಲೆ ಒಪಿಡಿ ಚೀಟಿ ಕೈಯಲ್ಲಿ ಬರೆದರು. ಇ-ಹಾಸ್ಪಿಟಲ್ ಡೇಟಾ ವಾಪಸ್ ಬಂದದ್ದು ದಾಳಿಗೆ ಸಿಗದೆ ಉಳಿದ ಒಂದು ಬ್ಯಾಕಪ್ ಸರ್ವರ್‌ನಿಂದ. ಮರುವರ್ಷ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ಅನ್ನೋ ದಾಳಿ ನೇರ ಹೈಪರ್‌ವೈಸರ್‌ಗೇ ಬಂತು. ಎರಡು ವರ್ಷ ಹಿಂದೆಯೇ ಪ್ಯಾಚ್ ಬಂದಿದ್ದ ರಂಧ್ರ ಅದು. ಮೊದಲ ಅಲೆಯಲ್ಲಿ ದಾಳಿಕೋರರು ಚಿಕ್ಕ ವಿವರಣೆ ಫೈಲ್‌ಗಳನ್ನ ಕೆಡಿಸಿದರು, ಎಷ್ಟೋ ಕಡೆ ನಿಜವಾದ ಡೇಟಾ ಇರುವ ದೊಡ್ಡ ಫ್ಲ್ಯಾಟ್ ಫೈಲ್ ಹಾಗೇ ಉಳಿದಿತ್ತು. ಅದರಿಂದಲೇ ವಿಎಂಗಳನ್ನ ಮತ್ತೆ ಕಟ್ಟಬಹುದಾಗಿತ್ತು. ಕೆಲವೇ ದಿನಗಳಲ್ಲಿ ಎರಡನೇ ಅಲೆ ಆ ಬಾಗಿಲನ್ನೂ ಮುಚ್ಚಿತು. ಬ್ಯಾಕಪ್ ಸರ್ವರ್ ಕೂಡ ಅದೇ ಕ್ಲಸ್ಟರ್ ಮೇಲೆ ವಿಎಂ ಆಗಿ ಓಡ್ತಿದ್ದರೆ, ಅದೇ ಡೊಮೇನ್ ಪಾಸ್‌ವರ್ಡ್ ಬಳಸ್ತಿದ್ದರೆ, ಅದು ಮೊದಲು ಹೋಗುತ್ತೆ. ಬರೆದ ಮೇಲೆ ಅಡ್ಮಿನ್ ಕೂಡ ಅಳಿಸಲಾಗದ ಸ್ಟೋರೇಜ್ ಬೇಕು ಅನ್ನೋ ಬೇಡಿಕೆ ಹೆಚ್ಚಿದ್ದು ಇಂಥ ದಾಳಿಗಳಿಂದ. ಅದರ ಅರ್ಥ, ಟೇಪು ಮತ್ತೆ ಮರ್ಯಾದೆ ಪಡೆಯಿತು.

ಈಗ ನಡೀತಿರೋದು ಇನ್ನೊಂದು ವಲಸೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್‌ಅನ್ನ ಕೊಂಡಿತು, ಲೈಸೆನ್ಸ್ ಲೆಕ್ಕ ಬದಲಾಯಿತು, ಕಂಪನಿಗಳು ಕೆವಿಎಂ ಕಡೆ, ಪ್ರಾಕ್ಸ್‌ಮಾಕ್ಸ್ ಕಡೆ ನೋಡ್ತಿವೆ. ಅಲ್ಲಿ ಸ್ಟೋರೇಜ್ ಅಂದ್ರೆ ಸೆಫ್, ಬದಲಾದ ಬ್ಲಾಕ್‌ಗಳ ಪಟ್ಟಿ ಅಂದ್ರೆ ಕ್ಯೂಎಮುವಿನ ಡರ್ಟಿ ಬಿಟ್‌ಮ್ಯಾಪ್. ಅದೇ ಬಿಡಿ ಹಾಳೆ, ಅದೇ ಪಟ್ಟಿ, ಹೆಸರು ಬೇರೆ. ವಿಎಂಗಳನ್ನ ಸಾಗಿಸೋದು ಅಷ್ಟೇನೂ ಕಷ್ಟವಿಲ್ಲ, ಶನಿವಾರ ರಾತ್ರಿ ಕೂತರೆ ಹತ್ತಿಪ್ಪತ್ತು ಆಗುತ್ತೆ. ತೊಡಕಿರೋದು ಹಳೇ ಬ್ಯಾಕಪ್‌ಗಳಲ್ಲಿ. ಏಳು ಎಂಟು ವರ್ಷ ಇಟ್ಟಿರಲೇಬೇಕಾದ ಲೆಕ್ಕಪತ್ರದ ವಿಎಂಗಳು ಹಳೇ ರೂಪದಲ್ಲಿ ಟೇಪಿನಲ್ಲಿ ಕೂತಿವೆ. ಅವನ್ನ ಎಬ್ಬಿಸಬೇಕಾದರೆ ಆ ಕಾಲದ ಹೈಪರ್‌ವೈಸರ್ ಬೇಕು, ಅದನ್ನ ಓದುವ ಟೇಪ್ ಡ್ರೈವ್ ಬೇಕು, ಆ ಬ್ಯಾಕಪ್ ಸಾಫ್ಟ್‌ವೇರಿನ ಆ ಆವೃತ್ತಿ ಬೇಕು, ಪಾಸ್‌ವರ್ಡ್ ಗೊತ್ತಿರುವವರು ಇನ್ನೂ ಕೆಲಸದಲ್ಲಿರಬೇಕು. ನಾನು ಈಗ ಇರುವ ತಂಡದಲ್ಲಿ ಎಲ್ಲ ಹೋಸ್ಟ್‌ಗಳೂ ಹೊಸದಕ್ಕೆ ಹೋದ ಮೇಲೂ ರ‍್ಯಾಕಿನ ತಳದಲ್ಲಿ ಒಂದು ಹಳೇ ಇಎಸ್‌ಎಕ್ಸ್‌ಐ ಹೋಸ್ಟ್ ಬಿಟ್ಟಿದ್ದೇವೆ, ನೆಟ್‌ವರ್ಕ್ ಕೇಬಲ್ ತೆಗೆದು. ಮೂರು ತಿಂಗಳಿಗೊಮ್ಮೆ ಅದನ್ನ ಚಾಲೂ ಮಾಡಿ, ಯಾವುದಾದರೂ ಒಂದು ಹಳೇ ಟೇಪು ಎತ್ತಿ, ವಿಎಂ ಏಳುತ್ತಾ, ಒಳಗಿನ ಡೇಟಾಬೇಸ್ ತೆರೆಯುತ್ತಾ ಅಂತ ನೋಡ್ತೀವಿ. ಹೋದ ಸಲ 2017ರದ್ದು ಎದ್ದಿತು. 2016ರದ್ದು ಇನ್ನೂ ನೋಡಬೇಕಿದೆ.